ಡೋಲಿಗೆ ಹೆಗಲು ಕೊಡಲು ಹೋಗಿ

"ಎದಿ ಮುಂದ ಮಾಡು. ಉಸುರು ಹಿಡಿ. ಹಾಂ, ಬಿಡು!"

ಕಳೆದ ಸೋಮವಾರ ಬೆಳಿಗ್ಗೆ ಮಸ್ಕಿ ಗುಡ್ಡದ ಬುಡದಲ್ಲಿ ನಿಂತು ನಾನು ಹೀಗೆ ಹುಕುಂ ಕೊಡುತ್ತಿದ್ದೆ. ಎದುರಿಗೆ ಸಾಲಾಗಿ ನಿಂತಿದ್ದವರು ಡೋಲಿ ಹೊರುವ ನಾಲ್ವರು.

ನಮ್ಮ ಗೌರಕ್ಕನಿಗೆ ಮೊಣಕಾಲು ನೋವು. ಗುಡ್ಡದ ಮೇಲಿನ ಮಲ್ಲಯ್ಯ ದೇವರನ್ನು ನೋಡದೆ ವರ್ಷಗಳೇ ಆದವು. "ಈ ಸಲ ಹ್ಯಾಂಗರ ಮಾಡಿ ಮ್ಯಾಲ ಒಯ್ಯಪಾ ತಮ್ಮಾ. ಮತ್ತ ನನಗ ಆಗತೈತೋ ಇಲ್ಲೋ" ಅಂದಿದ್ದಳು. ಹಾಗೆ ಅಂದ ಮೇಲೆ ಸುಮ್ಮನಿರಲು ಆಗುತ್ತದೆಯೇ?

ನಾನು ಲಿಂಗಸುಗೂರಿನ ಸರ್ಕಾರಿ ಶಾಲೆಯಲ್ಲಿ ಡ್ರಿಲ್ ಮಾಸ್ತರನಾಗಿದ್ದವನು. (ನಸುಕಿನ ದಂಡ, ಬೈಠಕ್ ಇವತ್ತಿಗೂ ತಪ್ಪಿಲ್ಲ.) ಅಕ್ಕನನ್ನು ಹೊರುವವರನ್ನು ಪರೀಕ್ಷೆ ಮಾಡದೆ ಬಿಟ್ಟೇನೆ? ಎದೆ ನೋಡಿದೆ. ಮೀನಖಂಡ ಒತ್ತಿ ನೋಡಿದೆ. ಮೆಟ್ಟಿಲು ಹತ್ತಿಸಿ ಇಳಿಸಿ ದಮ್ಮು ನೋಡಿದೆ. ಮೂವರು ಪಾಸು. ನಾಲ್ಕನೆಯವನು ದುರುಗಪ್ಪ, ನನ್ನ ವಾರಿಗೆಯವನೇ. ಬಡಕಲು ಎದೆ, ಬಾಗಿದ ಬೆನ್ನು. ಫೇಲು!

"ಬದಲಿಗೆ ಯಾರೂ ಇಲ್ರೀ ಮಾಸ್ತರ್ರ" ಎಂದ ಒಬ್ಬ.

"ಯಾಕಿಲ್ಲ? ನಾ ಇಲ್ಲೇನು?"

ಅವರು ಮುಖ ಮುಖ ನೋಡಿಕೊಂಡರು. ದುರುಗಪ್ಪ ತನ್ನ ಹೆಗಲ ಮೇಲಿನ ಬಟ್ಟೆಯ ಸಿಂಬಿಯನ್ನು ನನ್ನ ಹೆಗಲಿಗಿಟ್ಟು, ಹೋಗಿ ಬೇವಿನ ನೆರಳಲ್ಲಿ ಕುಳಿತ.

ಅಕ್ಕನನ್ನು ಕೂರಿಸಿ ಡೋಲಿ ಎತ್ತಿದೆವು. ಅಭ್ಯಾಸ ಎಲ್ಲಿ ಹೋಗುತ್ತದೆ? "ಚಪ್! ರಾಸ್ತ್!" ಎಂದು ಉರ್ದು ಕವಾಯತಿನ ಎಡ-ಬಲ ಕೂಗಿದೆ. ಎಲ್ಲರ ಎಡಗಾಲು ಒಮ್ಮೆಗೇ, ಬಲಗಾಲು ಒಮ್ಮೆಗೇ. ಏನು ಶಿಸ್ತು, ಏನು ಅಂದ!

"ಅಯ್ಯಯ್ಯ! ನಿಂದರ್ರೋ!" ಮೇಲಿನಿಂದ ಅಕ್ಕನ ಕೂಗು. "ನಾ ಏನು ಜ್ವಾಳ ಅದೀನೇನು, ಮರದಾಗ ಹಾಕಿ ಕೇರಾಕತ್ತೀರಿ?"

ಹೆಜ್ಜೆ ತಪ್ಪುತ್ತಿರಬೇಕು ಅಂದುಕೊಂಡೆ. ಇನ್ನೂ ಜೋರಾಗಿ ಕೂಗಿದೆ. ಡೋಲಿ ಇನ್ನೂ ಜೋರಾಗಿ ಪುಟಿಯಿತು. ಅಕ್ಕ ಬಿದಿರನ್ನು ಅವುಚಿ ಹಿಡಿದಳು. ಮುಖ ಬಿಳಚಿತ್ತು.

"ಮೊದ್ಲ ಇವನ್ನ ತಗೀರಿ. ಇಲ್ಲಾಂದ್ರ ನನ್ನ ಇಳಸ್ರಿ. ಮಲ್ಲಯ್ಯಗ ಮನಿಯಿಂದನ ಕೈ ಮುಗೀತೀನಿ."

ಮುಂದಿನವನು ನಗು ನುಂಗಿಕೊಂಡು ಹೇಳಿದ: "ನಾಕೂ ಮಂದಿ ಹೆಜ್ಜಿ ಕೂಡಬಾರದ್ರೀ ಮಾಸ್ತರ್ರ. ಕೂಡಿದ್ರ ಡೋಲಿ ಕುಣೀತೈತಿ."

ಜೀವನವೆಲ್ಲ ಹೆಜ್ಜೆ ಕೂಡಿಸಿದವನಿಗೆ ಈ ಮಾತು! ಡೋಲಿ ಇಳಿಸಿ, ದುರುಗಪ್ಪನನ್ನು ನಾನೇ ಹೋಗಿ ಕರೆದೆ. ಬಂದ. ನಾಲ್ವರೂ ತಮ್ಮ ತಮ್ಮ ಕಾಲು ತಮ್ಮ ತಮ್ಮ ಲೆಕ್ಕದಲ್ಲಿ ಎತ್ತಿಟ್ಟರು. ನೋಡಲು ಡೊಂಬರಾಟ. ಅಕ್ಕ ಮಾತ್ರ ಎಲೆಯಡಿಕೆ ಮೆಲ್ಲುತ್ತ, ತನ್ನ ಮನೆಯ ಕಟ್ಟೆಯ ಮೇಲೆ ಕುಂತವಳ ಹಾಗೆ ಗುಡ್ಡ ಏರಿದಳು. ಹಿಂದೆ ನಾನು, ಕಾಯಿ-ಕರ್ಪೂರದ ಚೀಲ ಹಿಡಿದು.

ಮಲ್ಲಯ್ಯನ ಮುಂದೆ ಬಹಳ ಹೊತ್ತು ನಿಂತಳು. ಕಣ್ಣು ಒರೆಸಿಕೊಂಡು ಹೊರಗೆ ಬಂದವಳು ನನ್ನ ತೋಳು ತಟ್ಟಿದಳು. "ನಿನಗ ತಾಕತ್ತು ಐತಿ ತಮ್ಮಾ, ಇಲ್ಲನ್ನಂಗಿಲ್ಲ. ಇಳಿಯಾಗನೂ ನೀ ಹಿಂದನ ಬಾ."

ಈಗ ಯುದ್ಧದ ಕಾಲ. ಪಲ್ಟನ್ನಿಗೆ ಭರ್ತಿ, ಪೊಲೀಸಿಗೆ ಭರ್ತಿ. ಎಲ್ಲಿ ನೋಡಿದರೂ ಎದೆ, ಎತ್ತರ, ತೂಕ ನೋಡಿ ಆಳು ಆರಿಸುತ್ತಾರೆ. ಆರಿಸಲಿ, ಬೇಡ ಅನ್ನುವುದಿಲ್ಲ.

ಆದರೆ ಹೆಗಲನ್ನು ಪರೀಕ್ಷಿಸುವ ನಾವು, ಅದರ ಮೇಲೆ ಕೂರಬೇಕಾದವರನ್ನು ಎಂದಾದರೂ ಒಂದು ಮಾತು ಕೇಳಿದ್ದೇವೆಯೇ?