ಅಕ್ಕ ನೋವು ಹೇಳಿಕೊಂಡ ದಿನ

ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಕುಣಿಗಲ್ಲಿನಲ್ಲಿ ನಾನು ಪಾಠ ಹೇಳುವ ಶಾಲೆಯ ಮಕ್ಕಳನ್ನು ಕೇಳಿದರೆ ಗೊತ್ತಾಗುತ್ತದೆ. ಅಕ್ಕನಿಗೆ ಕ್ಯಾನ್ಸರ್ ಬಂದ ಮೇಲೆ ಮಾತ್ರ ಆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳಬೇಕೋ ತಿಳಿಯದೆ ಒದ್ದಾಡಿಬಿಟ್ಟೆ.

ನಮ್ಮೂರು ಸಿ.ಎಸ್. ಪುರದ ಹತ್ತಿರ, ನಮ್ಮದು ಊರಾಚೆಯ ಕೇರಿ. ಅಕ್ಕ ಚಿಕ್ಕಂದಿನಿಂದ ಊರಿನವರ ತೆಂಗಿನ ತೋಟ, ರಾಗಿ ಹೊಲಗಳಲ್ಲಿ ಕೂಲಿ ಮಾಡಿದವಳು. ಬೆಳಗ್ಗೆ ತೋಟದವರ ಮನೆ ಮುಂದೆ ಚಪ್ಪಲಿ ಬಿಟ್ಟು ನಿಂತರೆ, ಹೇಗಿದ್ದೀಯೆ ಎಂದು ಅವರು ಕೇಳುವುದು ವಾಡಿಕೆ, ಚೆನ್ನಾಗಿದ್ದೇನೆ ಎನ್ನುವುದು ನಮ್ಮವರ ವಾಡಿಕೆ. ಮೈ ಸರಿಯಿಲ್ಲ ಎಂದವಳಿಗೆ ಅಂದು ಕೆಲಸವಿಲ್ಲ. ಹಾಗಾಗಿ ನಮ್ಮ ಕೇರಿಯಲ್ಲಿ ಜ್ವರ ಬಂದವರೂ ಚೆನ್ನಾಗಿಯೇ ಇರುತ್ತಿದ್ದರು.

ಅದೇ ಮಾತನ್ನು ಅಕ್ಕ ಆಸ್ಪತ್ರೆಗೂ ತಂದಳು. ಮುಟ್ಟು ನಿಂತು ಎಷ್ಟೋ ವರ್ಷಗಳ ಮೇಲೆ ರಕ್ತ ಹೋಗುತ್ತಿದ್ದರೂ ಗುಬ್ಬಿಯಲ್ಲಿ ಡಾಕ್ಟರಿಗೆ ಸುಸ್ತು ಎಂದಷ್ಟೇ ಹೇಳಿ ಟಾನಿಕ್ ತಂದುಕೊಂಡಿದ್ದಳು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ತುಮಕೂರಿನಲ್ಲಿ ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಆದರೂ ರೇಡಿಯೇಷನ್ನಿಗೆ ರೋಗ ಹಿಂದೆ ಸರಿಯಿತು. ಮತ್ತೆ ರಕ್ತ ಕಾಣಿಸಿಕೊಂಡರೆ ತಕ್ಷಣ ಹೇಳಬೇಕು, ಈ ಸಲವೂ ತಡವಾದರೆ ಉಳಿಸುವುದು ಕಷ್ಟ ಎಂದು ತುಮಕೂರಿನ ಡಾಕ್ಟರು ಎಚ್ಚರಿಸಿ ಕಳಿಸಿದ್ದರು.

ಮುಂದಿನ ತಪಾಸಣೆಯ ದಿನ ನಾವು ಅಲ್ಲಿ ಬೆಂಚಿನ ಮೇಲೆ ಕೂತಿದ್ದೆವು. ಹಣೆಗೆ ವಿಭೂತಿ ಹಚ್ಚಿ, ತಲೆಗೆ ಸ್ಕಾರ್ಫು ಕಟ್ಟಿದ ಹೆಂಗಸೊಬ್ಬರು ಬಂದು ಪಕ್ಕದಲ್ಲಿ ಕೂತರು. ತುಮಕೂರಿನದೇ ಸದಾಶಿವನಗರದ ವ್ಯಾಪಾರಸ್ಥರ ಮನೆಯವರು, ಅವರಿಗೂ ಅದೇ ಕಾಯಿಲೆ. ಅಕ್ಕ ತಟ್ಟನೆ ಎದ್ದು ನಿಂತಳು. ಅವರು ಕೈಹಿಡಿದು ಕೂರಿಸಿಕೊಂಡರು. ನಾನು ಟೀ ಕುಡಿದು ಬರುವಷ್ಟರಲ್ಲಿ ಇಬ್ಬರೂ ಗುಸುಗುಸು ಮಾತಿಗಿಳಿದಿದ್ದರು.

ಅಕ್ಕನಿಗೆ ಮತ್ತೆ ರಕ್ತ ಹೋಗುತ್ತಿದೆಯೆಂದು ನನ್ನನ್ನು ಪಕ್ಕಕ್ಕೆ ಕರೆದು ಅವರೇ ಹೇಳಿದರು. ತಮ್ಮನ ಹತ್ತಿರ ಹೇಳುವ ವಿಷಯವೇ ಅದು ಎಂದಳಂತೆ. ಡಾಕ್ಟರಿಗೂ ಹೇಳುವುದಿಲ್ಲವಂತೆ. ಸಾಯಬೇಕೂಂತ ಇದೀಯಾ ಎಂದು ಅಕ್ಕನ ಮೇಲೆ ಹರಿಹಾಯ್ದೆ. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ತಲೆ ತಗ್ಗಿಸಿದಳು.

"ಬೈದ್ರೆ ಬಾಯಿ ಬರುತ್ತಾ ಮೇಷ್ಟ್ರೇ?" ಎಂದರು ಆ ಹೆಂಗಸು.

ಅವರಿಗೆ ಆ ಡಾಕ್ಟರು ಫೋನಿನಲ್ಲೂ ಸಿಗುತ್ತಿದ್ದರು, ಒಳಗೆ ಹೋದರೆ ನಿಧಾನವಾಗಿ ಮಾತಾಡುತ್ತಿದ್ದರು. ನಮ್ಮಂಥವರು ಬಾಗಿಲು ದಾಟಿ ಕೈಮುಗಿಯುವಷ್ಟರಲ್ಲಿ ಮುಂದಿನವರ ಹೆಸರು ಕರೆದಾಗಿರುತ್ತಿತ್ತು. ಅಂದು ಅವರು ತಮ್ಮ ಸರದಿಗೆ ಅಕ್ಕನನ್ನೂ ಕರೆದುಕೊಂಡು ಹೋದರು. ನಾನು ಪರದೆಯ ಈಚೆ ನಿಂತೆ. ತಮ್ಮದು ಆಮೇಲೆ, ಮೊದಲು ಇವರದ್ದು ಕೇಳಿ ಎಂದು ಅವರು ಡಾಕ್ಟರಿಗೆ ಹೇಳಿದರು, ಕುರ್ಚಿ ಎಳೆದ ಸದ್ದಾಯಿತು. ಹೇಗಿದ್ದೀಯಮ್ಮ ಎಂದರು ಡಾಕ್ಟರು.

"ಚೆನ್ನಾಗಿದೀನಿ ಬುದ್ಧಿ."

ನಾನು ಹಲ್ಲು ಕಚ್ಚಿದೆ.

"ಇಲ್ಲಿ ಕೂಲಿ ತಪ್ಪಿಹೋಗಲ್ಲ ಕಣಕ್ಕ, ಹೇಳಿ," ಎಂದರು ಆಕೆ.

"ಚೆನ್ನಾಗಿಲ್ಲ ಬುದ್ಧಿ," ಎಂದಳು ಅಕ್ಕ. "ಸೊಂಟ ಮುರಿದೋಗೋ ಹಂಗೆ ನೋಯ್ತದೆ. ರಕ್ತ ಹೋಯ್ತದೆ."

ಅಂದೇ ಸ್ಕ್ಯಾನ್ ಮಾಡಿಸಿದರು. ರೋಗ ಮರಳಿತ್ತು, ಆದರೆ ಹರಡಿರಲಿಲ್ಲ. ಮುಂದೆ ಆಪರೇಷನ್ ಆಯಿತು. ಅಕ್ಕ ಈಗಲೂ ಇದ್ದಾಳೆ. ನಮ್ಮವರ ಮಾತನ್ನು ಕೇಳಿಸಿಕೊಳ್ಳಲು ಇನ್ನೊಬ್ಬ ರೋಗಿ ತನ್ನ ಸರದಿ ಬಿಟ್ಟುಕೊಡಬೇಕೇ ಎಂಬ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ. ಆದರೆ ಆ ತಾಯಿಯ ಋಣ ಆ ಸಿಟ್ಟಿಗಿಂತ ದೊಡ್ಡದು, ಊಟಕ್ಕೆ ಕೂತಾಗಲೂ ನೆನೆಯುತ್ತೇನೆ.

ಅಂದು ಸಂಜೆ ಬಸ್ಸಿನಲ್ಲಿ ಊರಿಗೆ ಹೊರಟೆವು. ಅಕ್ಕನ ಬಾಯಿ ಕಟ್ಟೆಯೊಡೆದಂತಾಗಿತ್ತು. ಕಾಯಿ ಹೊತ್ತು ಹೊತ್ತು ಭುಜ ಎತ್ತಲಾಗದ್ದು, ಮೊದಲ ಹೆರಿಗೆಯಾದಾಗಿನಿಂದ ಬಿಡದ ಬೆನ್ನುನೋವು, ಅಗಿಯಲಾಗದ ಹಲ್ಲು, ಒಂದೊಂದನ್ನೂ ಹೇಳುತ್ತಲೇ ಹೋದಳು. ಗುಬ್ಬಿ ದಾಟಿದ ಮೇಲೆ ದನಿ ತಗ್ಗಿಸಿದಳು.

"ಅವ್ವ ಸತ್ತಾಗ್ಲೂ ನಂಗೆ ಅಳಾಕಾಗ್ನಿಲ್ಲ ಕಣ್ಲಾ. ನೀನಿನ್ನೂ ಕೂಸು, ನನ್ ತೊಡೆ ಮ್ಯಾಲೆ ಮಲಗಿದ್ದೆ."

ಗಾಳಿಯ ಸದ್ದಿನಲ್ಲಿ ಅವಳ ಮಾತು ಕೇಳಿಸದೆ ಹೋದೀತೆಂದು ನಾನು ಕಿಟಕಿಯ ಗಾಜು ಎಳೆದು ಮುಚ್ಚಿದೆ.