ಧರಣಿಗೆ ಉಟ್ಟ ಜರಿ ಸೀರೆ

ಮೊನ್ನೆ ನಮ್ಮ ಮನೆಯಲ್ಲಿ ಕುಕ್ಕರಿನ ತಳ ಹತ್ತಿ ತೊಗರಿಬೇಳೆ ಸೀದುಹೋಯಿತು. ಕಿಟಕಿ ತೆರೆದಿಟ್ಟರೂ ವಾಸನೆ ಸಂಜೆಯವರೆಗೆ ಮನೆ ಬಿಡಲಿಲ್ಲ. ಸೊಸೆ ಪಾತ್ರೆ ತಿಕ್ಕುತ್ತ ಗೊಣಗುತ್ತಿದ್ದಳು. ನಾನು ಮಾತ್ರ ಮನಸ್ಸಿನಲ್ಲೇ ಕಮಲಾಪುರದ ಮಾವಶಿಯ ಅಡುಗೆಮನೆಯ ಹೊಸ್ತಿಲಿಗೆ ಹೋಗಿ ಕೂತುಬಿಟ್ಟಿದ್ದೆ... ಅವಳ ಕೈಯಲ್ಲಿ ಬೇಳೆ ಎಂದೂ ಸೀಯಲಿಲ್ಲ. ಹಿತ್ತಲಲ್ಲಿದ್ದರೂ ಕುದಿಯುವ ಸಪ್ಪಳ ಬದಲಾದದ್ದು ಅವಳಿಗೆ ಕೇಳುತ್ತಿತ್ತು. ಓಡಿ ಬಂದು ಒಲೆಯ ಕಟ್ಟಿಗೆ ಹಿಂದಕ್ಕೆಳೆಯುತ್ತಿದ್ದಳು.

ಮಾವಶಿ ಎಂದರೆ ನನ್ನ ಆಯಿಯ, ಅಂದರೆ ತಾಯಿಯ, ಒಡಹುಟ್ಟಿದವಳೇನಲ್ಲ. ಎರಡು ಮನೆಗಳ ನಡುವೆ ಒಂದೇ ಗೋಡೆ, ಅಷ್ಟೇ ಸಂಬಂಧ. ನಮ್ಮ ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ. ನನ್ನ ನಾಲಗೆಗೆ ಕನ್ನಡ ಸರಿಯಾಗಿ ಹತ್ತಿದ್ದು ಅವಳ ಕಥೆಗಳಿಂದ ಮತ್ತು ಬೈಗುಳದಿಂದ. ನನಗೆ ಸರಕಾರಿ ಕಚೇರಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕು ನಾವು ಕಲಬುರಗಿಯ ಗಾಜಿಪುರಕ್ಕೆ ಬಂದ ಮೇಲೂ, ಅವಳು ಪೇಟೆಗೆ ಬಂದರೆ ಊಟ ನಮ್ಮಲ್ಲೇ. "ಕುರ್ಚಿ ಮ್ಯಾಲ ಕುಂತು ಕುಂತು ನಿನ್ನ ಹೊಟ್ಟಿ ನಿನಗಿಂತ ಮೊದಲ ಬಾಗಲಾ ದಾಟತದಲ್ಲೋ" ಎಂದು ನನ್ನ ಹೆಂಡತಿಯ ಮುಂದೆಯೇ ಅಂದು ನಗುತ್ತಿದ್ದಳು.

ಶಾಲೆಗಳಲ್ಲಿ ಬಿಸಿಯೂಟ ಶುರುವಾದಾಗ ಅವಳಿಗೆ ಅಡುಗೆಯ ಕೆಲಸ ಸಿಕ್ಕಿತು. ಮೂರ್ನಾಲ್ಕು ವರ್ಷ ಮಕ್ಕಳಿಗೆ ಬೇಯಿಸಿ ಹಾಕಿದಳು. ಆಮೇಲೆ ಊಟದ ಉಸ್ತುವಾರಿಗೆ ಹೊಸ ಮನುಷ್ಯ ಬಂದ. ಅವನ ನಾದಿನಿಗೆ ಆ ಕೆಲಸ ಬೇಕಾಗಿತ್ತು. ಒಂದು ಶನಿವಾರ, "ಸೋಮವಾರದಿಂದ ಬರಬ್ಯಾಡ" ಎಂದುಬಿಟ್ಟ. ನೇಮಕಕ್ಕೇ ಕಾಗದವಿರಲಿಲ್ಲ, ತೆಗೆದದ್ದಕ್ಕೆ ಎಲ್ಲಿಂದ ಬರಬೇಕು? ಹೀಗೆಯೇ ಕೆಲಸ ಹೋದ ಸುತ್ತಲಿನ ಹಳ್ಳಿಗಳ ಹೆಂಗಸರು ಹತ್ತು ಹನ್ನೆರಡು ಮಂದಿ ಕೂಡಿ, ಜಿಲ್ಲಾಧಿಕಾರಿ ಕಚೇರಿಯ ಮುಂದೆ ಧರಣಿ ಕೂರುವುದೆಂದಾಯಿತು. ಮಾವಶಿಗೆ ತನ್ನ ಒಲೆ ತನಗೆ ವಾಪಸು ಬೇಕಾಗಿತ್ತು. ಬೇರೇನೂ ಕೇಳಿರಲಿಲ್ಲ.

ಆ ಮುಂಜಾನೆ ಅವಳು ಮೊದಲ ಬಸ್ಸಿಗೆ ನಮ್ಮ ಮನೆಗೆ ಬಂದಳು. ಮೈಮೇಲೆ ಅರಿಸಿನದ ಕಲೆಯ ನೂಲಿನ ಸೀರೆ.

"ಮಾವಶಿ, ಹಿಂಗೇ ಹೋಗ್ತಿಯೇನು? ಟೀವಿಯವರು ಬರ್ತಾರಂತ" ಎಂದೆ.

"ಮತ್ತ? ನಾ ಏನ್ ಲಗ್ನಕ್ಕ ಹೊಂಟೀನೇನು?"

ನಮ್ಮ ಕಡೆ ಕೋರ್ಟು ಕಚೇರಿಗೆ ಹೋಗುವಾಗ ಇದ್ದುದರಲ್ಲಿ ಒಳ್ಳೆಯದನ್ನು ಉಡುವುದು ರೂಢಿ. ಇಲ್ಲದಿದ್ದರೆ ಪಕ್ಕದ ಮನೆಯಿಂದ ತರುವುದೂ ರೂಢಿ. ದೊಡ್ಡವರ ಬಾಗಿಲಲ್ಲಿ ಭಿಕ್ಷೆಗೆ ಬಂದವರಂತೆ ನಿಲ್ಲಬಾರದೆಂದು ಹಿರಿಯರು ನಮಗೆ ಕಲಿಸಿದ್ದರು. ನಾನೇ ಆಯಿಗೆ ಹೇಳಿ ಟ್ರಂಕಿನಿಂದ ನೇರಳೆ ಬಣ್ಣದ ಜರಿ ಸೀರೆ ತೆಗೆಸಿದೆ. ಆಯಿ ತನ್ನ ಸರವನ್ನೂ ಅವಳ ಕೊರಳಿಗೆ ಹಾಕಿದಳು. ಮಾವಶಿ ಬೇಡವೆನ್ನುತ್ತಲೇ ಕನ್ನಡಿಯ ಮುಂದೆ ಎರಡು ಸಲ ಸೆರಗು ಸರಿಮಾಡಿಕೊಂಡಳು.

ಸಂಜೆ ಅರ್ಧ ಓಣಿ ನಮ್ಮ ಟೀವಿಯ ಮುಂದೆ ಕೂತಿತ್ತು. ಎದುರು ಮನೆಯ ದರ್ಜಿ ಚಾಚಾ ಅಂಗಡಿ ಮುಚ್ಚಿ ಬಂದಿದ್ದರು. ಧರಣಿ ಮುಗಿಸಿ ಬಂದ ಮಾವಶಿ ಎಲ್ಲರಿಗಿಂತ ಮುಂದೆ, ಅದೇ ಸೀರೆಯಲ್ಲಿ. ಧರಣಿಯನ್ನು ಕಣ್ಣು ಮಿಟುಕಿಸುವಷ್ಟು ಹೊತ್ತು ತೋರಿಸಿದರು. ಆಮೇಲೆ ಚರ್ಚೆ. ನಾಲ್ಕು ಜನ ಗಂಡಸರು, ನಡುವೆ ನಡೆಸಿಕೊಡುವವನು. ಅವನು ಮಾವಶಿಯ ಚಿತ್ರವನ್ನು ನಿಲ್ಲಿಸಿ, ಅದರ ಸುತ್ತ ಕೆಂಪು ಗೆರೆ ಎಳೆಸಿದ.

"ನೋಡಿ, ಸರಿಯಾಗಿ ನೋಡಿ! ಮೈಮೇಲೆ ಜರಿ ಸೀರೆ, ಕೊರಳಲ್ಲಿ ಸರ. ಇವರು ಬಡವರಂತೆ! ಇವರನ್ನು ಕರೆತಂದು ಕೂರಿಸಿದವರು ಯಾರು?"

ಒಬ್ಬ ಇದು ಯಾವ ಪಕ್ಷದ ಕೆಲಸವೆಂದು ಕೇಳಿದ. ಇನ್ನೊಬ್ಬ, ರಸ್ತೆ ತಡೆದರೆ ರೋಗಿಗಳ ಗತಿಯೇನು ಎಂದ. ಅವಳ ಕೆಲಸ ಯಾಕೆ ಹೋಯಿತೆಂದು ಯಾರೂ ಕೇಳಲಿಲ್ಲ.

"ನಾವು ರಸ್ತಾಕ್ಕ ಇಳದೇ ಇಲ್ಲಲ್ಲೋ..." ಮಾವಶಿ ಟೀವಿಗೇ ಹೇಳಿದಳು. "ಬೇವಿನ ಗಿಡದ ಕೆಳಗ ಕುಂತಿದ್ವಿ."

ಹಿಂದಿನಿಂದ ಯಾರೋ, "ಏನೇ ಅನ್ರಿ, ಮಾವಶಿಗಿ ಸೀರಿ ಛಲೋ ಒಪ್ಪೇದ" ಎಂದು ಕಿಸಕ್ಕನೆ ನಕ್ಕರು.

ದರ್ಜಿ ಚಾಚಾ ಎದ್ದು ನಿಂತರು. "ಯಾ ಅಲ್ಲಾ! ಈ ಸೀರಿಗಿ ಫಾಲ್ ಹಚ್ಚಿದಾಂವ ನಾನು. ಆಯಿ ಸೀರಿ ಅದ ಇದು. ಬೇಟಾ, ಕೆಳಗ ನಂಬರ್ ಬರಾಕತ್ತದ ನೋಡು, ಹಚ್ಚು ಫೋನ್! ಹೇಳು ಅವರಿಗಿ!"

ಹಚ್ಚಿದೆ. ಹತ್ತಿತು ಕೂಡ. ಆ ಕಡೆಯ ಹುಡುಗಿ ಹೆಸರು ಕೇಳಿದಳು, ಹೇಳಿದೆ. "ಏನು ಕೆಲಸ ಮಾಡ್ತೀರಿ ಸರ್?" ಎಂದಳು. ನನ್ನ ಸಾಹೇಬರ ಮುಖ ಕಣ್ಣೆದುರು ಬಂತು. ಸರಕಾರಿ ನೌಕರ, ಧರಣಿಯವರ ಪರವಾಗಿ, ಟೀವಿಯಲ್ಲಿ... ಮೆಲ್ಲಗೆ ರಿಸೀವರ್ ಇಟ್ಟುಬಿಟ್ಟೆ.

"ಏನಾತು?" ಎಂದರು ಚಾಚಾ.

"ಲೈನ್ ಕಟ್ ಆತು."

ಮಾವಶಿ ತಿರುಗಿ ನನ್ನ ಮುಖ ನೋಡಿದಳು.

ಮರುದಿನ, ಆಯಿ ಬೇಡವೆಂದರೂ ಕೇಳದೆ, ಸೀರೆ ಒಗೆದು ನೆರಳಲ್ಲಿ ಒಣಗಿಸಿದಳು. ನಾನೂ ಅವಳೂ ಎರಡು ತುದಿ ಹಿಡಿದು ಮಡಚಿದೆವು.

"ನಾ ನನ್ನ ಹಳೇ ಸೀರ್ಯಾಗೇ ಹೋಗಿದ್ರ ಏನಂತಿದ್ರೋ?" ಎಂದಳು.

"ರೊಕ್ಕಾ ಕೊಟ್ಟು ಕರಕೊಂಡು ಬಂದಾರ ಅಂತಿದ್ರು."

"ಹಂಗಾರ ಏನ್ ಉಟಗೊಂಡು ಕುಂದರಬೇಕು? ನೀ ಓದಿದಾಂವ, ಹೇಳು ನೋಡೂಣು."

ಸೀರೆಯ ಅಂಚು ಕೂಡಿಸುವ ನೆಪದಲ್ಲಿ ನಾನು ತಲೆ ತಗ್ಗಿಸಿದೆ.

ವಿಚಾರಣೆಯೇನೋ ಆಯಿತು. ಅದಕ್ಕೆ ಬಂದ ಅಧಿಕಾರಿಗೆ ಉಸ್ತುವಾರಿಯ ಮನುಷ್ಯ, "ಟೀವಿದಾಗ ನೀವೇ ನೋಡೀರಲ್ರೀ ಸಾಹೇಬ್ರ" ಎಂದನಂತೆ. ಅಲ್ಲಿಗೆ ಮುಗಿಯಿತು. ಆಮೇಲೆ ಮಾವಶಿ ಮದುವೆ ಮುಂಜಿಗಳಲ್ಲಿ ಬೇಳೆ ಬೇಯಿಸಲು ಕರೆದರೆ ಹೋಗುತ್ತಿದ್ದಳು. ನಮ್ಮ ಮನೆಗೂ ಬರುತ್ತಿದ್ದಳು, ಆದರೆ ವಾರ್ತೆ ಶುರುವಾದರೆ ಎದ್ದು ಅಂಗಳಕ್ಕೆ ಹೋಗಿ ಕೂರುತ್ತಿದ್ದಳು. ನನ್ನ ಹೊಟ್ಟೆಯ ಮೇಲಿನ ತಮಾಷೆ ನಿಂತುಹೋಗಿತ್ತು.

ಮಾವಶಿ ಹೋಗಿ ಬಹಳ ವರ್ಷವಾಯಿತು. ಆಯಿ ಇಲ್ಲ. ದರ್ಜಿ ಚಾಚಾನೂ ಇಲ್ಲ. ನಾನು ಪಿಂಚಣಿದಾರ, ಏನು ಕೆಲಸ ಮಾಡುತ್ತೀರಿ ಎಂದು ಈಗ ನನ್ನನ್ನು ಯಾರೂ ಕೇಳುವುದಿಲ್ಲ. ಸಂಜೆ ಕೋಟೆಯ ಕಡೆ ತಿರುಗಾಡಲು ಹೋದಾಗ ಜೊತೆಯವರು ಮೊಬೈಲಿನಲ್ಲಿ ಯಾವುದೋ ಚರ್ಚೆ ಹಚ್ಚಿರುತ್ತಾರೆ. "ಈ ಧರಣಿ ಮಂದಿಗಿ ಬ್ಯಾರೆ ಕೆಲಸಿಲ್ಲ ನೋಡ್ರಿ" ಎಂದು ಯಾರಾದರೂ ಅಂದೇ ಅನ್ನುತ್ತಾರೆ.

"ಹಂಗಲ್ರೀ, ನಮ್ಮ ಮಾವಶಿ ಒಬ್ಬಾಕಿ ಇದ್ಲು" ಎಂದು ನಾನು ಶುರುಮಾಡುತ್ತೇನೆ. "ಆ ಸೀರಿ ನಮ್ಮ ಮನೀದು. ಉಡಿಸಿದಾಂವ ನಾನು..."

"ಇರ್ಲಿ ಬಿಡ್ರೀ, ಹಳೇ ಮಾತು" ಎನ್ನುತ್ತಾರೆ ಅವರು, ಸದ್ದು ಇನ್ನಷ್ಟು ಏರಿಸುತ್ತ.