ಗಡಿಯಾರದ ಭಾವನ ಬೆಳ್ಳಿ ಸಾಮ್ರಾಜ್ಯ

ನಮ್ಮ ಭಾವ ಮೂವತ್ತೇಳು ಗ್ರೀಕ್ ಪಟ್ಟಣಗಳ ಒಡೆಯರು. ಈ ಸಾಮ್ರಾಜ್ಯವನ್ನು ಅವರು ಒಂದು ಹನಿ ರಕ್ತ ಚೆಲ್ಲದೆ, ಬಹುಪಾಲು ಕುರ್ಚಿಯಿಂದಲೂ ಏಳದೆ, ಇಪ್ಪತ್ತಾರು ವರ್ಷಗಳಲ್ಲಿ ಕಟ್ಟಿದ್ದಾರೆ. ಇಡೀ ರಾಜ್ಯ ಒಂದು ಪೆಪ್ಪರ್ಮೆಂಟ್ ಡಬ್ಬಿಯಲ್ಲಿ ಹಿಡಿಸುತ್ತದೆ. ಪಟ್ಟಣಕ್ಕೊಂದರಂತೆ ಮೂವತ್ತೇಳು ಬೆಳ್ಳಿ ನಾಣ್ಯ. ಒಂದೊಂದೂ ಅಂಗಿ ಗುಂಡಿಯ ಅರ್ಧದಷ್ಟು. ಗಟ್ಟಿಯಾಗಿ ಸೀನಿದರೆ ಅರ್ಧ ರಾಜ್ಯ ಹಾರಿಹೋಗುತ್ತದೆ. ಹಾಗಾಗಿ ನೆಗಡಿಯಾದವರಿಗೆ ದರ್ಶನವಿಲ್ಲ.

ಚಕ್ರವರ್ತಿಗಳ ಕಸುಬು ಗಡಿಯಾರ ರಿಪೇರಿ. ಚಪ್ಪಲಿ ಅಂಗಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮೆಟ್ಟಿಲ ಕೆಳಗಿನ ಸಂದಿಯೇ ಅಂಗಡಿ. ಒಬ್ಬ ಗಿರಾಕಿ ಒಳಗೆ ಬಂದರೆ ಭಾವ ಹೊಟ್ಟೆ ಒಳಗೆಳೆದುಕೊಳ್ಳಬೇಕು, ಇಬ್ಬರು ಬಂದರೆ ಒಬ್ಬರು ಚಪ್ಪಲಿ ಅಂಗಡಿಯಲ್ಲಿ ಕಾಯಬೇಕು. ಒಂದು ದಿನ ಯಾರದೋ ಅಜ್ಜನ ಕಾಲದ ಜೇಬುಗಡಿಯಾರ ಬಿಚ್ಚಿದಾಗ ಹಿಂಬದಿಯ ಮುಚ್ಚಳ ಅಲ್ಲಾಡದಿರಲೆಂದು ಸಿಕ್ಕಿಸಿದ್ದ ಕಪ್ಪು ಚೂರೊಂದು ಸಿಕ್ಕಿತು. "ಕಸ, ಬಿಸಾಕಿ" ಅಂದರು ಗಡಿಯಾರದ ಯಜಮಾನರು. ಭಾವ ಬಿಸಾಕುವ ಮುಂಚೆ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ನೋಡಿದರು. ಒಳಗಿನಿಂದ ಒಂದು ಗೂಬೆ ಅವರನ್ನೇ ಗುರಾಯಿಸುತ್ತಿತ್ತು. ಆ ಗೂಬೆಗೆ ಕೊಕ್ಕು ಇತ್ತು, ರೆಕ್ಕೆಯ ಮೇಲೆ ಚುಕ್ಕಿ ಇತ್ತು. ಎರಡು ಸಾವಿರದ ನಾನೂರು ವರ್ಷದ ಹಿಂದೆ ಯಾವನೋ ಕುಶಲಕರ್ಮಿ ಅಷ್ಟು ಕಿರಿದಾದ ಜಾಗದಲ್ಲಿ ಒಂದು ಹಕ್ಕಿಗೆ ಸಿಟ್ಟು ಬರಿಸಿದ್ದ. ಸಣ್ಣ ಕೆಲಸದ ಕಷ್ಟ ಬಲ್ಲ ಭಾವ ಅಲ್ಲೇ ಶರಣಾದರು. ಆಮೇಲೆ ದೊಡ್ಡ ನಾಣ್ಯ ಯಾರಾದರೂ ತೋರಿಸಿದರೆ, "ಇದೇನ್ರೀ, ನಾಣ್ಯವೋ ಊಟದ ತಟ್ಟೆಯೋ?" ಎಂದು ಮೂಗು ಮುರಿಯತೊಡಗಿದರು.

ಸಾಮ್ರಾಜ್ಯ ಅಂದಮೇಲೆ ಶತ್ರು ಬೇಕಲ್ಲ? ಇದ್ದರು, ಎರಡು ಬೀದಿ ಆಚೆ. ನಿವೃತ್ತ ಭೂಗೋಳದ ಮೇಷ್ಟ್ರು. ನಲವತ್ತೊಂದು ಪಟ್ಟಣಗಳ ಒಡೆಯರು. ಆ ನಾಲ್ಕು ಪಟ್ಟಣಗಳ ಮುನ್ನಡೆಯನ್ನು ಅವರು ಪ್ರತಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಂದು ನೆನಪಿಸಿ ಹೋಗುತ್ತಿದ್ದರು. ಅವರ ಬಳಿ ಒಂದು ನಾಣ್ಯವಿತ್ತು. ಒಂದು ಮುಖಕ್ಕೆ ಸುಣ್ಣದಂಥ ಹಕ್ಕಳೆ ಕಟ್ಟಿ, ನಡುವೆ ಗುಬುಟು, ಸುತ್ತ ಕಾಲಿನಂಥವು ಮಾತ್ರ ಮಸುಕಾಗಿ ಕಾಣುತ್ತಿದ್ದವು. ಅದು ಏಡಿ ಅಂತ ಮೇಷ್ಟ್ರು, ಆಕ್ಟೋಪಸ್ ಅಂತ ಭಾವ. ಈ ಯುದ್ಧ ಹನ್ನೊಂದು ವರ್ಷ ನಡೆಯಿತು. ಉಜ್ಜಿ ನೋಡೋಣವೆಂದರೆ ಮೇಷ್ಟ್ರು, "ಮೊದಲು ನನ್ನ ಚರ್ಮ ಉಜ್ಜಿ" ಎನ್ನುತ್ತಿದ್ದರು. ಅವರು ಅದನ್ನು ಯಾರ ಕೈಗೂ ಕೊಟ್ಟವರಲ್ಲ. ಆದರೆ ಕಳೆದ ವರ್ಷ ಭಾವ ಹಳೆಯದೊಂದು ಸೂಕ್ಷ್ಮದರ್ಶಕ ಕೊಂಡಾಗ ಆಸೆ ತಡೆಯಲಾಗದೆ, ಮೇಷ್ಟ್ರೇ ಒಂದು ಗುರುವಾರ ನಾಣ್ಯವನ್ನು ಹತ್ತಿಯಲ್ಲಿ ಸುತ್ತಿ ತಂದುಕೊಟ್ಟರು.

"ಭಾನುವಾರ ಹತ್ತಕ್ಕೆ ಬರ್ತೀನಿ. ಇದಕ್ಕೇನಾದ್ರೂ ಆದ್ರೆ ನಮ್ಮಿಬ್ಬರ ಮಾತುಕತೆ ಅಲ್ಲಿಗೇ ಮುಗೀತು, ನೋಡಿ."

"ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ, ಮೇಷ್ಟ್ರೇ."

ಮೇಷ್ಟ್ರು ಹೋದ ಹತ್ತೇ ನಿಮಿಷಕ್ಕೆ ದುರಂತ ನಡೆಯಿತು. ನಾನು ಅಲ್ಲೇ ಇದ್ದೆ. ಭಾವ ಊಟದ ಮೇಜಿನ ಮೇಲೆ ಸೂಕ್ಷ್ಮದರ್ಶಕ ಇಟ್ಟು ನಾಣ್ಯ ನೋಡುತ್ತಿದ್ದರು. ದೀಪ ಸರಿಹೊಂದಲಿಲ್ಲ. ಅದನ್ನು ಬಗ್ಗಿಸಲು ಎರಡೂ ಕೈ ಬೇಕಾಯಿತು. ಗಡಿಯಾರದವರಿಗೆ ಒಂದು ಅಭ್ಯಾಸವಿದೆ: ಉರುಳಿಹೋಗುವಂಥ ಪುಟ್ಟ ತಿರುಪನ್ನು ಒದ್ದೆ ಕೆಳತುಟಿಗೆ ಅಂಟಿಸಿಕೊಂಡು ಕೆಲಸ ಮುಂದುವರಿಸುವುದು. ನಲವತ್ತು ವರ್ಷದಲ್ಲಿ ಆ ತುಟಿ ಎಷ್ಟು ತಿರುಪುಗಳಿಗೆ ಆಶ್ರಯ ಕೊಟ್ಟಿದೆಯೋ, ಒಂದನ್ನೂ ಕಳೆದಿಲ್ಲ. ನಾಣ್ಯವೂ ಅಲ್ಲಿಗೇ ಹೋಯಿತು. ಅಷ್ಟರಲ್ಲಿ ಅಕ್ಕ ಬಂದು ಟೀ ಲೋಟ ಕೈಗಿಟ್ಟಳು. ಭಾವ ದೀಪದಿಂದ ಕಣ್ಣು ಕೀಳದೆ ದೊಡ್ಡದೊಂದು ಗುಟುಕು ಕುಡಿದರು.

ಆಮೇಲೆ, "ಯಾರೂ ಅಲ್ಲಾಡಬೇಡಿ!" ಎಂದು ಕಿರುಚಿದರು.

ಅರ್ಧ ಗಂಟೆ ನಾವು ಯಾರೂ ಅಲ್ಲಾಡಲಿಲ್ಲ. ಭಾವ ಟಾರ್ಚ್ ಹಿಡಿದು ನೆಲದ ಮೇಲೆ ಹೊಟ್ಟೆ ಎಳೆಯುತ್ತ ಮೇಜಿನ ಕೆಳಗೆ ಗಸ್ತು ತಿರುಗಿದರು. ನನ್ನ ಪ್ಯಾಂಟಿನ ಮಡಿಕೆ ಬಿಡಿಸಿ ನೋಡಿದರು. ಕೊನೆಗೆ ಒಂಟಿ ಕಾಲಲ್ಲಿ ನಿಂತು ಸಾಕಾದ ಅಕ್ಕ ಹೇಳಿದಳು:

"ರೀ, ತುಟಿಗೆ ಅಂಟಿಸ್ಕೊಂಡಿದ್ರಲ್ಲ, ಅದನ್ನೇ ಹುಡುಕ್ತಿರೋದಾ?"

ಮೇಜಿನ ಕೆಳಗೆ ಟಾರ್ಚ್ ಆರಿತು. ಅಲ್ಲಿಂದ ಒಂದು ಕ್ಷೀಣ ಸ್ವರ ಬಂತು. "ನೀನ್ಯಾಕೆ ಟೀ ಕೊಟ್ಟೆ?"

"ಟೀ ಕೊಟ್ಟೆ. ನಂಚ್ಕೊಳ್ಳೋಕೆ ನಾಣ್ಯ ನಾನು ಕೊಟ್ನಾ?"

ಡಾಕ್ಟರು ಎಕ್ಸ್‌ರೇ ತೆಗೆಸಿದರು. ಭಾವನ ಪಕ್ಕೆಲುಬುಗಳ ಕೆಳಗೆ ಪುಟ್ಟ ಬಿಳಿ ಚುಕ್ಕೆಯೊಂದು ಹಾಯಾಗಿ ಮಲಗಿತ್ತು.

"ಎಷ್ಟು ಹಳೇದು ಅಂದ್ರಿ?"

"ಎರಡು ಸಾವಿರದ ನಾನೂರು ವರ್ಷ, ಡಾಕ್ಟ್ರೇ."

"ಅಷ್ಟು ಕಾದಿದೆ. ಇನ್ನೆರಡು ಮೂರು ದಿನ ಕಾಯೋಕೆ ಅದಕ್ಕೇನು ಕಷ್ಟ? ಬಾಳೆಹಣ್ಣು ತಿನ್ನಿ, ನೀರು ಕುಡೀರಿ, ಗಮನ ಇಟ್ಟು ನೋಡ್ಕೊಳ್ಳಿ."

ಗಮನ ಇಡುವ ಕೆಲಸಕ್ಕೆ ಅಕ್ಕ ತನ್ನ ಹಳೆಯ ಜರಡಿಯೊಂದನ್ನು ದಾನ ಮಾಡಿದಳು. ಅದು ಇನ್ನೆಂದೂ ಅಡುಗೆಮನೆಯ ಹೊಸ್ತಿಲು ತುಳಿಯಕೂಡದು ಎಂಬ ಷರತ್ತಿನ ಮೇಲೆ. ಶುಕ್ರವಾರ ಮೇಷ್ಟ್ರ ಫೋನ್ ಬಂತು.

"ಹೇಗಿದೆ ನನ್ನ ಏಡಿ?"

ಭಾವ ಸುಳ್ಳು ಹೇಳುವವರಲ್ಲ. "ಬೆಚ್ಚಗಿದೆ, ಮೇಷ್ಟ್ರೇ" ಅಂದರು.

ಶನಿವಾರವೂ ಚಕ್ರವರ್ತಿಗಳು ಜರಡಿ ಹಿಡಿದು ಬರಿಗೈಲಿ ಹೊರಬಂದರು. ಅಂಗಡಿಗೆ ಹೋಗಲಿಲ್ಲ. ತಮ್ಮ ಡಬ್ಬಿ ತೆಗೆದು ಗೂಬೆ, ಆಮೆ, ಜೇನ್ನೊಣ, ಹಂದಿಯ ಮೂತಿ ಇರುವ ನಾಣ್ಯ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು. "ಮೇಷ್ಟ್ರಿಗೆ, ಇದ್ರಲ್ಲಿ ಯಾವ್ದು ಬೇಕಾದ್ರೂ ತಗೊಳ್ಳಿ ಅಂತೀನಿ. ಎಲ್ಲಾ ಬೇಕಂದ್ರೆ ಎಲ್ಲಾನೂ" ಅಂದರು. ನನಗೆ ನಗು ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಪ್ರತಿ ಭಾನುವಾರ ಬಂದು ಜಗಳವಾಡುವ ಮನುಷ್ಯ ಇನ್ನು ಬರದಿದ್ದರೆ ಈ ಮೂವತ್ತೇಳು ಪಟ್ಟಣ ಇಟ್ಟುಕೊಂಡು ಯಾರಿಗೆ ತೋರಿಸುವುದು?

ಭಾನುವಾರ ಹತ್ತಕ್ಕೆ ಮೇಷ್ಟ್ರು ಬಂದರು. ಭಾವ ಎದ್ದು ನಿಂತು, ಶಾಲೆಯಲ್ಲಿ ಪಾಠ ಒಪ್ಪಿಸುವವರ ಹಾಗೆ, ತುಟಿಯಿಂದ ಜರಡಿಯವರೆಗೆ ಒಂದೂ ಬಿಡದೆ ಹೇಳಿದರು. ಸಾಕ್ಷಿಗೆ ಎಕ್ಸ್‌ರೇ ಕೊಟ್ಟರು. ಮೇಷ್ಟ್ರು ಅದನ್ನು ಕಿಟಕಿಗೆ ಹಿಡಿದು ಭೂಪಟ ನೋಡುವವರಂತೆ ಬಹಳ ಹೊತ್ತು ನೋಡಿದರು.

"ಗುರುವಾರವೇ ಹೇಳೋದಲ್ವಾ?" ಅಂದರು.

"ಧೈರ್ಯ ಬರಲಿಲ್ಲ."

"ಹೇಳಿದ್ರೆ ನಾನೂ ಬಂದು ಜೊತೆಗೆ ಕೂರ್ತಿದ್ದೆ. ಮೂರು ದಿನ ಒಬ್ರೇ ಅನುಭವಿಸಿದ್ರಲ್ಲ, ಮಾರಾಯ್ರೇ." ಆಮೇಲೆ ಅವರ ಭುಜ ಕುಲುಕತೊಡಗಿತು. ಅಳುತ್ತಿದ್ದಾರೆಂದು ಅಕ್ಕ ನೀರು ತರಲು ಓಡಿದಳು, ನೋಡಿದರೆ ನಗು. "ಆ ಕಾಲದಲ್ಲಿ ಜನ ಚಿಲ್ಲರೇನ ಬಾಯಲ್ಲೇ ಇಟ್ಕೊಂಡು ಸಂತೆಗೆ ಹೋಗ್ತಿದ್ರಂತೆ. ಎಷ್ಟು ಜನ ನುಂಗಿರಬಹುದು! ಇದಕ್ಕೆ ಇದು ಮೊದಲನೇ ಪ್ರಯಾಣ ಅಂತ ಏನ್ ಗ್ಯಾರಂಟಿ?"

ಪುಣ್ಯಕ್ಕೆ ಹನ್ನೊಂದೂವರೆಗೆ ಬಚ್ಚಲುಮನೆಯಿಂದ ವಿಜಯಘೋಷ ಕೇಳಿಬಂತು. ನಾಣ್ಯಕ್ಕೆ ಸೋಪಿನ ನೀರು, ಆಮೇಲೆ ಬಿಸಿನೀರು, ಆಮೇಲೆ ಸ್ಪಿರಿಟ್. ಆದರೂ ಮೇಷ್ಟ್ರು ಚಿಮುಟದ ತುದಿಯಿಂದಲೇ ಮುಟ್ಟಿದರು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟಾಗ ಇಬ್ಬರೂ ಬೆಚ್ಚಿದರು. ಮೂರು ದಿನ ಭಾವನ ಹೊಟ್ಟೆಯ ಹುಳಿಯಲ್ಲಿ ನೆನೆದು ಹಕ್ಕಳೆಯೆಲ್ಲ ಕರಗಿಹೋಗಿತ್ತು. ಮೇಷ್ಟ್ರು ನೋಡಿ ಕಣ್ಣುಜ್ಜಿಕೊಂಡರು. ಭಾವ ನೋಡಿ ದೀಪವನ್ನು ಇನ್ನಷ್ಟು ಬಗ್ಗಿಸಿದರು. ಅಕ್ಕ ಇಬ್ಬರನ್ನೂ ಪಕ್ಕಕ್ಕೆ ಸರಿಸಿ ಬಗ್ಗಿ ನೋಡಿದಳು.

"ಇದು ಚಕ್ರ ಅಲ್ವೇನ್ರೀ?"

ಚಕ್ರವೇ. ಗುಬುಟೆಂದುಕೊಂಡದ್ದು ನಡುವಿನ ಗುಂಬ, ಕಾಲೆಂದುಕೊಂಡವು ಸುತ್ತಲಿನ ನಾಲ್ಕು ಕಡ್ಡಿ. ಸಮುದ್ರಗಳನ್ನೆಲ್ಲ ಮಕ್ಕಳಿಗೆ ಬಾಯಿಪಾಠ ಮಾಡಿಸಿದ ಮೇಷ್ಟ್ರಿಗೆ ಅದರಲ್ಲಿ ಏಡಿ ಕಂಡಿದ್ದನ್ನು ಕ್ಷಮಿಸಬಹುದು. ಬೆಳಗಾದರೆ ಚಕ್ರ, ಸಂಜೆಯಾದರೆ ಚಕ್ರ, ಹಲ್ಲಿರುವ ಚಕ್ರ, ಹಲ್ಲು ಮುರಿದ ಚಕ್ರ ನೋಡಿಯೇ ಅನ್ನ ಉಂಡ ನಮ್ಮ ಭಾವನಿಗೆ ಏನು ಹೇಳೋಣ?

ಉಳಿದದ್ದು ಚೀಟಿ. ಸಂಗ್ರಹಕಾರರು ಪ್ರತಿ ನಾಣ್ಯದ ಜೊತೆ ಅದು ಯಾವಾಗ ಯಾರ ಬಳಿ ಇತ್ತೆಂದು ಬರೆದಿಡುತ್ತಾರೆ. ಮೇಷ್ಟ್ರು ಪೆನ್ನು ತೆಗೆದರು.

"ಬೇಡ, ಮೇಷ್ಟ್ರೇ. ನಾಳೆ ಯಾರಾದ್ರೂ ಓದ್ತಾರೆ."

"ಓದಲಿ ಅಂತಲೇ ಬರೆಯೋದು. ನನ್ನ ಚೀಟಿಲಿ ಸುಳ್ಳಿರಲ್ಲ."

ಬಹಳ ಚೌಕಾಸಿಯಾಗಿ, "ಮೂರು ದಿನ ಗಡಿಯಾರದವರ ವಶದಲ್ಲಿತ್ತು. ಶುಚಿ ಮಾಡಲಾಯಿತು" ಎಂಬಲ್ಲಿಗೆ ಸಂಧಾನವಾಯಿತು. ಅಕ್ಕ ಭುಜದ ಮೇಲಿಂದ ಓದಿ, "ಎಲ್ಲಿ ಶುಚಿ ಮಾಡಿದ್ದು ಅಂತ ಬರೀಲಿಲ್ವಲ್ಲ?" ಅಂದಳು. ಮೇಷ್ಟ್ರು ಖುಷಿಯಿಂದ ಸಣ್ಣಕ್ಷರದಲ್ಲಿ "ಒಳಗೆ" ಎಂದು ಸೇರಿಸಿದರು.

ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ಜೇಬಿನಿಂದ ಇನ್ನೊಂದು ಹತ್ತಿ ಉಂಡೆ ತೆಗೆದರು. "ಇದಕ್ಕೂ ಒಂದಿಷ್ಟು ಹಕ್ಕಳೆ ಇದೆ. ಡಾಲ್ಫಿನ್ ಅಂತ ನನ್ನ ನಂಬಿಕೆ."

"ಡಾಲ್ಫಿನ್ನಾ? ಮೇಷ್ಟ್ರೇ, ಎಲ್ಲಿಂದ ನೋಡಿದ್ರೂ ಅದು ಹುಂಜ!" ಭಾವ ಆಗಲೇ ಕಣ್ಣಿಗೆ ಗಾಜು ಸಿಕ್ಕಿಸಿಕೊಂಡಿದ್ದರು.

"ಬಾಯಿ ಮುಚ್ಕೊಂಡು ನೋಡಿ" ಅಂದಳು ಅಕ್ಕ.